ಎಣಿಸದೆ ಎಣಿಕೆ ತಿಳಿಯುವ ಬಗೆ

ಧಾರವಾಡದಿಂದ ಲೋಂಡಾ ಕಡೆಗೆ ರೈಲಿನಲ್ಲಿ ಹೊರಟವರಿಗೆ ಅಳ್ನಾವರದ ಸುತ್ತ ಬತ್ತದ ಗದ್ದೆಗಳು ಕಾಣುತ್ತವೆ. ಈ ಸೀಮೆಯ ಒಟ್ಟು ಇಳುವರಿಯನ್ನು ತಿಳಿಯಲು ಸರಕಾರದವರು ಪ್ರತಿಯೊಂದು ರಾಶಿಯನ್ನೂ ಅಳೆಯುವುದಿಲ್ಲ. ಚೀಟಿ ಎತ್ತಿದಂತೆ ಕೆಲವು ಗದ್ದೆಗಳನ್ನು ಆರಿಸಿ, ಅಲ್ಲಿ ಗೊತ್ತಾದ ಅಳತೆಯ ತುಂಡೊಂದನ್ನು ಕೊಯ್ದು ತೂಗಿ, ಅದರ ಸರಾಸರಿಯನ್ನು ಒಟ್ಟು ಕ್ಷೇತ್ರದಿಂದ ಗುಣಿಸುತ್ತಾರೆ. ಇದೇ ಬೆಳೆ ಕಟಾವು ಪ್ರಯೋಗ. ಗಣಕಯಂತ್ರವೂ ತನ್ನಲ್ಲಿರುವ ದಾಖಲೆಗಳ ವಿಷಯದಲ್ಲಿ ಇದನ್ನೇ ಮಾಡುತ್ತದೆಂದರೆ ವಾಚಕರಿಗೆ ಸೋಜಿಗವಾದೀತು. ಅಷ್ಟು ವೇಗವಾಗಿ ಎಣಿಸಬಲ್ಲ ಯಂತ್ರಕ್ಕೆ ಅಂದಾಜಿನ ಹಂಗೇಕೆ?

1970ರಲ್ಲಿ ಕಾಡ್ ಎಂಬ ಗಣಿತಜ್ಞನು ದಾಖಲೆಗಳನ್ನೆಲ್ಲ ಕೋಷ್ಟಕಗಳಾಗಿ ಇಡುವ ಪದ್ಧತಿಯನ್ನು ಸೂಚಿಸಿದನು. ಇದರಲ್ಲಿ ನಾವು ಏನು ಬೇಕೆಂದಷ್ಟೇ ಕೇಳುತ್ತೇವೆ; ಹೇಗೆ ಹುಡುಕಬೇಕೆಂಬುದನ್ನು ಯಂತ್ರವೇ ನಿಶ್ಚಯಿಸಬೇಕು. ಕೋಷ್ಟಕದಲ್ಲಿ ಎಷ್ಟು ಸಾಲುಗಳಿವೆಯೆಂದು ಮೊದಲೇ ತಿಳಿಯದೆ ಈ ನಿಶ್ಚಯ ಸಾಧ್ಯವಿಲ್ಲ. ಪ್ರತಿ ಪ್ರಶ್ನೆಗೂ ಮುನ್ನ ಎಣಿಸುತ್ತ ಕುಳಿತರೆ ಉತ್ತರಕ್ಕಿಂತ ಎಣಿಕೆಗೇ ಹೆಚ್ಚು ಹೊತ್ತು ಹಿಡಿಯುವುದು.

ನಮ್ಮ ರಾಜ್ಯದ 'ಭೂಮಿ' ಯೋಜನೆಯಲ್ಲಿ 2000ದ ಸುಮಾರಿಗೆ ಗಣಕಕ್ಕೇರಿದ ಪಹಣಿಗಳು ಸರಿಸುಮಾರು 2 ಕೋಟಿ. ಅವೆಲ್ಲ ಒಂದೇ ಕೋಷ್ಟಕದಲ್ಲಿವೆಯೆಂದು ಭಾವಿಸೋಣ. ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆ ಕೋಷ್ಟಕವನ್ನು 8192 ಬೈಟುಗಳ ಪುಟಗಳಾಗಿ ಇಡುತ್ತದೆ. ಕಡತದ ಗಾತ್ರದಿಂದಲೇ ಪುಟಗಳೆಷ್ಟೆಂಬುದು ಖಚಿತವಾಗಿ ತಿಳಿಯುವುದು. ಅವು 5 ಲಕ್ಷವೆನ್ನೋಣ. ಇದು ಗದ್ದೆಗಳ ಒಟ್ಟು ಕ್ಷೇತ್ರವಿದ್ದಂತೆ. ಇನ್ನು ಬೇಕಾದುದು ಪುಟಕ್ಕೆ ಎಷ್ಟು ಸಾಲುಗಳೆಂಬ ಸರಾಸರಿ ಮಾತ್ರ. ಎಲ್ಲೆಲ್ಲಿಂದಲೋ 400 ಪುಟಗಳನ್ನು ತೆರೆದಾಗ ಸರಾಸರಿ 40, ಏರುಪೇರು 8ರಷ್ಟು ಕಂಡಿತೆನ್ನೋಣ. 8ನ್ನು 400ರ ವರ್ಗಮೂಲವಾದ 20ರಿಂದ ಭಾಗಿಸಿದರೆ 0.4, ಅಂದರೆ ನೂರಕ್ಕೆ ಒಂದರಷ್ಟು ತಪ್ಪು. ಕೋಷ್ಟಕ ಹತ್ತು ಪಟ್ಟು ದೊಡ್ಡದಾದರೂ ಅದೇ 400 ಪುಟಗಳು ಅದೇ ನಿಖರತೆಯನ್ನು ಕೊಡುತ್ತವೆ! ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ನಂಬುವುದಿಲ್ಲ. ಆದರೆ ಪುಟಗಳನ್ನು ಮೊದಲ ತುದಿಯಿಂದಲೇ ತೆಗೆಯಕೂಡದು. ಅಲ್ಲಿ ಅಳಿಸಿಹೋದ ಹಳೆಯ ಸಾಲುಗಳ ಖಾಲಿ ಜಾಗಗಳು ಹೆಚ್ಚಿರಬಹುದು.

ಒಟ್ಟು ಲೆಕ್ಕ ಇಷ್ಟು ಸುಲಭ. ನಿಜವಾದ ತೊಡಕು ಬೇರೆಡೆ ಇದೆ. ಯಾವುದೋ ಒಂದು ಹಳ್ಳಿಯ ಪಹಣಿಗಳು 600 ಇರಲಿ. ಪೋಸ್ಟ್‌ಗ್ರೆಸ್ ರೂಢಿಯಂತೆ 30,000 ಸಾಲುಗಳನ್ನು ಮಾದರಿಯಾಗಿ ಇಟ್ಟುಕೊಳ್ಳುವುದು. 2 ಕೋಟಿಯಲ್ಲಿ 30,000 ಎಂದರೆ ಆ ಹಳ್ಳಿಯ ಪಾಲಿಗೆ ಬರುವುದು ಸರಾಸರಿ 0.9 ಸಾಲು. ಸಾಲುಗಳು ಚೆದುರಿದ್ದರೂ ನೂರರಲ್ಲಿ ನಲವತ್ತು ಸಲ ಆ ಹಳ್ಳಿ ಮಾದರಿಯಲ್ಲಿ ಕಾಣುವುದೇ ಇಲ್ಲ. ಒಂದೆಡೆ ಗುಂಪಾಗಿದ್ದರೆ ಇನ್ನೂ ಹೆಚ್ಚು. ಹೀಗೆ ಕಣ್ಮರೆಯಾದ ಹಳ್ಳಿಗಳಿಗೆ, ದೊಡ್ಡದು ಚಿಕ್ಕದೆನ್ನದೆ, ಯಂತ್ರವು ಒಂದೇ ಸರಾಸರಿಯನ್ನು ಹಂಚುತ್ತದೆ. ಆ ಸರಾಸರಿಗೆ ಬೇಕಾದ 'ಬೇರೆ ಬೇರೆ ಹಳ್ಳಿಗಳೆಷ್ಟು' ಎಂಬ ಸಂಖ್ಯೆಯೂ ಊಹೆಯದೇ. ಸಣ್ಣ ಮಾದರಿಯಿಂದ ಈ ಸಂಖ್ಯೆಯನ್ನು ಎಲ್ಲ ಸಂದರ್ಭಗಳಲ್ಲಿಯೂ ಭರವಸೆಯಿಂದ ಹೇಳಬಲ್ಲ ಸೂತ್ರ ಇರಲಾರದೆಂದು ರಾಜೀವ ಮೋಟ್ವಾನಿ ಮತ್ತು ಅವರ ಮೂವರು ಸಂಗಡಿಗರು 2000ದಲ್ಲಿ ಸಾಧಿಸಿ ತೋರಿಸಿದರು.

ಊಹೆ ತಪ್ಪಿದರೆ ಉತ್ತರ ತಪ್ಪಾಗುವುದಿಲ್ಲ, ತಡವಾಗುತ್ತದೆ. ಹತ್ತೇ ಸಾಲುಗಳಿವೆಯೆಂದು ನಂಬಿದ ಯಂತ್ರವು ಒಂದೊಂದು ಸಾಲಿಗೂ ಮತ್ತೊಂದು ಕೋಷ್ಟಕವನ್ನು ತಿರುವಿಹಾಕುವ ಕ್ರಮವನ್ನು ಹಿಡಿದೀತು; ಸಾಲುಗಳು ಸಾವಿರಾರು ಇದ್ದಲ್ಲಿ ಅಷ್ಟೇ ಸಲ ತಿರುವಬೇಕಾಗುವುದು. ಕಿಟಕಿಯೆದುರು ಪಹಣಿಗಾಗಿ ನಿಂತ ರೈತನಿಗೆ ತಿಳಿಯುವುದು ಕಾಯುವಿಕೆಯೊಂದೇ.

ಮಾದರಿಯನ್ನು ಹಿಗ್ಗಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನು 30 ಲಕ್ಷ ಸಾಲುಗಳವರೆಗೆ ಏರಿಸಲು ಅವಕಾಶವಿದೆ. ಆಗ ನಮ್ಮ ಹಳ್ಳಿಯ ಸುಮಾರು 90 ಸಾಲುಗಳು ಸಿಕ್ಕುತ್ತವೆ. ಆದರೆ ಅಷ್ಟು ಸಾಲುಗಳನ್ನು ಕಲೆಹಾಕಲು ಅದು 5 ಲಕ್ಷ ಪುಟಗಳನ್ನೂ ಬಿಡದೆ ಓದಬೇಕಾಗುವುದು.