ಪುಟದ ಚೌಕಟ್ಟು: ಒಮ್ಮೆ ಮಾಡಿಡಿ, ಮತ್ತೆ ಮತ್ತೆ ಬಳಸಿ



ಕೆಲವು ವರ್ಷಗಳ ಹಿಂದೆ ಒಂದು ಭಾಷಣ ಕಾರ್ಯಕ್ರಮದ ಚಿತ್ರೀಕರಣದಲ್ಲಿ ನಡೆದ ಮಾತು. ಹತ್ತು ಹಾಳೆಗಳ ಬರಹವನ್ನು ನಾನೇ ಬೆರಳಚ್ಚು ಮಾಡಿದ್ದೆ. ಪುಟಸಂಖ್ಯೆ ಹಾಕಲು ಮರೆತಿದ್ದೆ. ಹಾಳೆಗಳು ಕೈಜಾರಿ ಬಿದ್ದವು. ಜೋಡಿಸುವಾಗ ಹಿಂದುಮುಂದಾಗಿ, ನಾಲ್ಕನೆಯ ಹಾಳೆಯ ಬಳಿಕ ಆರನೆಯದನ್ನು ಓದಲಾಯಿತು. ಕೊನೆಗೆ ಇಡೀ ಭಾಗವನ್ನು ಮತ್ತೊಮ್ಮೆ ಚಿತ್ರೀಕರಿಸಬೇಕಾಯಿತು. ಪುಟದ ಅಂಚು, ಪುಟಸಂಖ್ಯೆಗಳನ್ನು ಪ್ರತಿ ಬಾರಿಯೂ ಹೊಸದಾಗಿ ಹೊಂದಿಸುತ್ತಾ ಹೋದರೆ ಒಂದಲ್ಲ ಒಂದು ದಿನ ಮರೆವು ಖಂಡಿತ. ನಿಮ್ಮ ಪ್ರಾಜೆಕ್ಟ್ ವರದಿಗೂ ಈ ಮಾತು ಅನ್ವಯಿಸುತ್ತದೆ.

ಇದಕ್ಕೆ ಉಪಾಯ ನಮ್ಮ ಊರಿಗೆ ಹಳೆಯದು. ಕದ್ರಿಗೆ ಸಮೀಪದ ಬಲ್ಮಠದಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವಿತ್ತು. ಹೆರ್ಮನ್ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಮುಂದೆ ಮೊಳೆ ಅಚ್ಚು ಬಂತು. ಫರ್ಡಿನೆಂಡ್ ಕಿಟೆಲ್ ಅವರ 1,700ಕ್ಕೂ ಹೆಚ್ಚು ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮೊಳೆ ಅಚ್ಚಿನಲ್ಲಿ ಜೋಡಿಸಿದ ಮೊಳೆಗಳನ್ನು ಕಬ್ಬಿಣದ ಚೌಕಟ್ಟಿನೊಳಗೆ ಬಿಗಿಯುತ್ತಾರೆ. ಅಕ್ಷರಗಳು ಪುಟಪುಟಕ್ಕೂ ಬದಲಾಗುತ್ತವೆ. ಪುಟದ ಅಳತೆ ಬದಲಾಗುವುದಿಲ್ಲ. ಅಂದರೆ ಬರಹ ಬೇರೆ, ಪುಟದ ರೂಪ ಬೇರೆ. ಕಂಪ್ಯೂಟರಿನಲ್ಲಿ ಈ ರೂಪಕ್ಕೆ ಹೆಸರಿಟ್ಟು ಉಳಿಸಿದರೆ ಅದೇ ಪೇಜ್ ಸ್ಟೈಲ್.

ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಫ್11 ಕೀಲಿ ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಕಾಣುತ್ತದೆ. ಅದರ ಮೇಲ್ಗಡೆಯ ಚಿತ್ರಗಳಲ್ಲಿ ಪುಟದ ಗುರುತನ್ನು ಆರಿಸಿ, ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ನ್ಯೂ’ ಎನ್ನಿ. ‘ವರದಿ ಪುಟ’ ಎಂದು ಹೆಸರು ಕೊಡಿ. ಕಾಗದ ಎ4 ಇರಲಿ. ಬೈಂಡಿಂಗ್ ಆಗುವ ಎಡಬದಿಗೆ 4 ಸೆಂಟಿಮೀಟರ್, ಉಳಿದ ಬದಿಗಳಿಗೆ 2.5 ಸೆಂಟಿಮೀಟರ್ ಅಂಚು ಕೊಡಬಹುದು. ಫೂಟರನ್ನು ಆನ್ ಮಾಡಿ, ಅಲ್ಲಿ ಪುಟಸಂಖ್ಯೆಯನ್ನು ಸೇರಿಸಿ. ಮುಖಪುಟಕ್ಕೆ ಸಂಖ್ಯೆ ಬೇಡವಾದರೆ ‘ಮುಖಪುಟ’ ಎಂಬ ಇನ್ನೊಂದು ಸ್ಟೈಲ್ ಮಾಡಿ, ಅದರ ‘ನೆಕ್ಸ್ಟ್ ಸ್ಟೈಲ್’ ಜಾಗದಲ್ಲಿ ‘ವರದಿ ಪುಟ’ವನ್ನು ಆರಿಸಿ. ಮೊದಲ ಪುಟ ತುಂಬಿದ ಕೂಡಲೇ ಮುಂದಿನದು ತಾನಾಗಿ ‘ವರದಿ ಪುಟ’ವಾಗುತ್ತದೆ.

ಇಲ್ಲೇ ಬಹುಮಂದಿ ಎಡವುತ್ತಾರೆ. ಹೀಗೆ ಮಾಡಿದ ಸ್ಟೈಲ್ ಆ ಒಂದು ಕಡತದೊಳಗೆ ಮಾತ್ರ ಇರುತ್ತದೆ. ಮರುದಿನ ಹೊಸ ಕಡತ ತೆರೆದರೆ ಅದು ಕಾಣುವುದಿಲ್ಲ. ಆದ್ದರಿಂದ ಬರಹವನ್ನೆಲ್ಲ ಅಳಿಸಿ, ಬರಿಯ ಚೌಕಟ್ಟನ್ನು ಉಳಿಸಿಕೊಂಡು, ‘ಫೈಲ್’ ಪಟ್ಟಿಯ ‘ಟೆಂಪ್ಲೇಟ್ಸ್’ ಒಳಗೆ ‘ಸೇವ್ ಆ್ಯಸ್ ಟೆಂಪ್ಲೇಟ್’ ಆರಿಸಿ ಹೆಸರು ಕೊಡಿ. ಮುಂದೆ ಈ ಟೆಂಪ್ಲೇಟಿನಿಂದ ತೆರೆದ ಪ್ರತಿ ಹೊಸ ಕಡತದಲ್ಲೂ ನಿಮ್ಮ ಸ್ಟೈಲ್ ಸಿದ್ಧವಾಗಿರುತ್ತದೆ.

ಈಗಾಗಲೇ ಬರೆದು ಮುಗಿಸಿದ ಕಡತಕ್ಕೂ ದಾರಿಯಿದೆ. ಸ್ಟೈಲ್ ಪಟ್ಟಿಯಲ್ಲಿ ‘ಲೋಡ್ ಸ್ಟೈಲ್ಸ್’ ಆರಿಸಿ, ಟೆಂಪ್ಲೇಟನ್ನು ತೋರಿಸಿ, ಪುಟಗಳಿಗೆ ಸಂಬಂಧಿಸಿದ ಚೌಕಕ್ಕೆ ಗುರುತು ಹಾಕಿ. ಅದೇ ಹೆಸರಿನ ಹಳೆಯ ಸ್ಟೈಲ್ ಇದ್ದರೆ ‘ಓವರ್‌ರೈಟ್’ ಎಂಬುದಕ್ಕೂ ಗುರುತು ಬೇಕು. ಇಲ್ಲವಾದರೆ ಹಳೆಯದೇ ಉಳಿಯುತ್ತದೆ.

ಇನ್ನೆರಡು ಎಚ್ಚರಿಕೆಗಳು. ವರದಿಯ ನಡುವೆ ಒಂದು ಅಡ್ಡಪುಟ ಬೇಕಾಗಿ ಅಲ್ಲೇ ಬೇರೆ ಸ್ಟೈಲ್ ಒತ್ತಿದರೆ ಹಿಂದು ಮುಂದಿನ ಪುಟಗಳೂ ಬದಲಾಗಬಹುದು. ‘ಮ್ಯಾನುಯಲ್ ಬ್ರೇಕ್’ ಹಾಕಿ, ಅದರಲ್ಲೇ ಹೊಸ ಸ್ಟೈಲನ್ನು ಆರಿಸಿ. ಅಡ್ಡಪುಟ ಮುಗಿದ ಕಡೆ ಹಾಗೆಯೇ ಮತ್ತೊಂದು ಬ್ರೇಕ್ ಹಾಕಿ ಹಳೆಯ ಸ್ಟೈಲಿಗೆ ಮರಳಿ. ಎರಡನೆಯದು ಅಕ್ಷರದ ವಿಚಾರ. ಪೇಜ್ ಸ್ಟೈಲಿನಲ್ಲಿ ಫಾಂಟ್ ಇರುವುದಿಲ್ಲ. ಅದು ಪ್ಯಾರಾಗ್ರಾಫ್ ಸ್ಟೈಲಿನ ಕೆಲಸ. ಟೆಂಪ್ಲೇಟ್ ಎರಡನ್ನೂ ಒಟ್ಟಿಗೆ ಹೊರುತ್ತದೆ. ರೈಟರ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುಂಪಿನಲ್ಲಿ ಎಣಿಸುವುದರಿಂದ, ಯೂನಿಕೋಡ್ ಕನ್ನಡದ ಫಾಂಟನ್ನು ಆ ಭಾಗದಲ್ಲೇ ಹೇಳಬೇಕು. ಇಂಗ್ಲಿಷಿನ ಭಾಗದಲ್ಲಿ ಎಷ್ಟು ಬದಲಿಸಿದರೂ ಕನ್ನಡ ಅಕ್ಷರ ಕದಲುವುದಿಲ್ಲ.

ಮೈಕ್ರೋಸಾಫ್ಟ್ ವರ್ಡ್ ಬಳಸುವವರಿಗೆ ಒಂದು ಮಾತು. ಅಲ್ಲಿ ಹೆಸರಿಟ್ಟ ಪೇಜ್ ಸ್ಟೈಲ್ ಇಲ್ಲ. ಪುಟದ ಅಳತೆ ‘ಸೆಕ್ಷನ್’ಗೆ ಸೇರಿದ್ದು. ಆದರೆ ಅಲ್ಲೂ ಕಡತವನ್ನು ಟೆಂಪ್ಲೇಟಾಗಿ ಉಳಿಸಬಹುದು.

ಈ ವಾರ ಒಂದು ಪ್ರಯೋಗ ಮಾಡಿ. ಮುಖಪುಟ ಮತ್ತು ಎರಡು ಒಳಪುಟಗಳ ಟೆಂಪ್ಲೇಟ್ ತಯಾರಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಗೆಳೆಯರ ಕಂಪ್ಯೂಟರಿನಲ್ಲಿ ತೆರೆಯಿರಿ. ಅಂಚು ಮತ್ತು ಪುಟಸಂಖ್ಯೆ ಸರಿಯಾಗಿದ್ದು ಅಕ್ಷರದ ಆಕಾರ ಮಾತ್ರ ಬೇರೆಯಾಗಿದ್ದರೆ, ನಿಮ್ಮ ಫಾಂಟ್ ಆ ಕಂಪ್ಯೂಟರಿನಲ್ಲಿ ಇಲ್ಲವೆಂದೇ ಅರ್ಥ. ವರದಿ ಒಪ್ಪಿಸುವ ಹಿಂದಿನ ರಾತ್ರಿ ಇದು ತಿಳಿಯುವುದಕ್ಕಿಂತ ಇಂದೇ ತಿಳಿಯುವುದು ಒಳ್ಳೆಯದಲ್ಲವೇ?