ಹಳೆಯ ಕಾರಿನ ಏ.ಸಿ.: ದುರಸ್ತಿಯೂ ಸುಧಾರಣೆಯೂ

ಮಂಜೂರಿನಂತಹ ಊರಿನ ಶಾಲೆಯ ಸಂಚಿಕೆಯಲ್ಲಿ ಕಾರಿನ ಏ.ಸಿ.ಯ ವಿಷಯವೇಕೆಂದು ಕೆಲವರು ನಗಬಹುದು. ಸಮುದ್ರ ಮಟ್ಟಕ್ಕಿಂತ ಆರು ಸಾವಿರ ಅಡಿಗೂ ಎತ್ತರದಲ್ಲಿದ್ದು, ವರ್ಷದ ಬಹುಭಾಗ ಕಂಬಳಿಯನ್ನೇ ನೆಚ್ಚಿ ಬಾಳುವ ನಮಗೆ ತಂಪು ಮಾಡುವ ಯಂತ್ರದ ಗೊಡವೆ ಬೇಡವೆಂದು ತೋರುವುದು ಸಹಜವೇ. ಆದರೆ ಎರಡು ಕಾರಣಗಳಿಂದ ಇದು ನಮ್ಮ ವಿಷಯವೂ ಆಗಿದೆ. ಮೊದಲನೆಯದಾಗಿ, ನಮ್ಮ ಊರಿನವರು ಆಸ್ಪತ್ರೆಗೋ ಕಾಲೇಜಿಗೋ ವ್ಯಾಪಾರಕ್ಕೋ ಕೊಯಮತ್ತೂರಿಗೆ ಇಳಿಯಲೇಬೇಕು. ಬೆಳಗ್ಗೆ ಸ್ವೆಟರು ತೊಟ್ಟು ಹೊರಟವರು ಗೆದ್ದೈ, ಮುಳ್ಳಿ ದಾರಿಯಾಗಿ ಕಾರಮಡೈ ತಲಪುವಷ್ಟರಲ್ಲಿ ಬಯಲಿನ ಬಿಸಿಲಿಗೆ ಸಿಕ್ಕಿ ಬಳಲುತ್ತಾರೆ. ರೋಗಿಗಳಿಗೂ ವೃದ್ಧರಿಗೂ ಕೈಗೂಸುಗಳಿಗೂ ಈ ಬದಲಾವಣೆ ಸಣ್ಣದಲ್ಲ. ಎರಡನೆಯದು ಇದಕ್ಕಿಂತಲೂ ಮುಖ್ಯವಾದುದು. ಮಳೆಗಾಲದಲ್ಲಿ ನಾಲ್ಕಾರು ಜನ ಕುಳಿತ ಕಾರಿನ ಗಾಜುಗಳು ಉಸಿರಿನ ತೇವದಿಂದ ಒಳಗಡೆ ಮಸುಕಾಗುತ್ತವೆ. ಹೊರಗೆ ಮಂಜು, ಒಳಗೆ ಮಸುಕು, ಎದುರಿಗೆ ತಿರುವು. ಇಂತಹ ಹೊತ್ತಿನಲ್ಲಿ ಗಾಜನ್ನು ತಿಳಿಗೊಳಿಸುವ ಉತ್ತಮ ಸಾಧನವೆಂದರೆ ಏ.ಸಿ.ಯೇ. ಅದು ಗಾಳಿಯನ್ನು ತಣಿಸುವುದರ ಜೊತೆಗೆ ಅದರಲ್ಲಿನ ತೇವವನ್ನೂ ಹಿಂಡಿ ತೆಗೆಯುತ್ತದೆ. ಕುಂದಾ ಪ್ರದೇಶದ ಮಳೆ ಎಂತಹುದೆಂಬುದನ್ನು ನಾವು ಹೇಳಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಮಿಕ್ಕು ಮಳೆ ಸುರಿದುದು ಎಲ್ಲರಿಗೂ ನೆನಪಿದೆ.

ನಮ್ಮಲ್ಲಿ ಇನ್ನೂ ಓಡಾಡುತ್ತಿರುವ ಹಳೆಯ ಕಾರುಗಳು ಹಲವು. ಅಂಬಾಸಿಡರ್ ಮತ್ತು ಮಾರುತಿ 800 ಇವೆರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಆದರೂ ಅವುಗಳನ್ನು ಜತನದಿಂದ ಇಟ್ಟುಕೊಂಡ ಮನೆಗಳು ಕಡಮೆಯಲ್ಲ. ಅಂತಹ ಕಾರಿನ ಏ.ಸಿ.ಯನ್ನು ಸರಿಪಡಿಸುವುದು ಹೇಗೆ, ಹೊಸ ಕಾಲಕ್ಕೆ ಹೊಂದಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ತಂಪು ಹುಟ್ಟುವ ಬಗೆ

ಏ.ಸಿ.ಯು ತಂಪನ್ನು ಎಲ್ಲಿಂದಲೋ ತಂದು ತುಂಬುವುದಿಲ್ಲ. ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಇದರ ತತ್ತ್ವವನ್ನು ತಿಳಿಯಲು ಮನೆಯ ಅಡಿಗೆಮನೆಯೇ ಸಾಕು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆ? ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಸೆಳೆದುಕೊಳ್ಳುತ್ತದೆ. ದ್ರವವು ಆವಿಯಾಗುವಾಗ ಶಾಖವನ್ನು ಹೀರುತ್ತದೆ, ಆವಿಯು ಮತ್ತೆ ದ್ರವವಾಗುವಾಗ ಶಾಖವನ್ನು ಬಿಡುತ್ತದೆ ಎಂಬುದು ಮೊದಲನೆಯ ನಿಯಮ.

ಎರಡನೆಯ ನಿಯಮವನ್ನು ಮಂಜೂರಿನ ಮಕ್ಕಳು ಬಯಲಿನ ಮಕ್ಕಳಿಗಿಂತ ಬೇಗ ಗ್ರಹಿಸಬಲ್ಲರು. ನಮ್ಮಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಗನೆ ಬೇಯುವುದಿಲ್ಲ. ಇಲ್ಲಿ ಗಾಳಿಯ ಒತ್ತಡ ಕಡಮೆಯಾದುದರಿಂದ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 93 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಹೆಚ್ಚುವುದರಿಂದ ಅದೇ ನೀರು 100 ಡಿಗ್ರಿಯನ್ನು ದಾಟಿದ ಮೇಲೆ ಕುದಿಯುತ್ತದೆ. ಬೇಳೆಯೂ ಬೇಗ ಬೇಯುತ್ತದೆ. ಅಂದರೆ ಒತ್ತಡ ಇಳಿದರೆ ಕುದಿಯುವ ಬಿಂದು ಇಳಿಯುತ್ತದೆ, ಏರಿದರೆ ಏರುತ್ತದೆ.

ಕಾರಿನ ಏ.ಸಿ. ಈ ಎರಡು ನಿಯಮಗಳ ಮೇಲೆ ನಿಂತಿದೆ. ಅದರ ಕೊಳವೆಗಳಲ್ಲಿ ಹರಿಯುವ ಪದಾರ್ಥಕ್ಕೆ ಶೀತಕವೆಂದು ಹೆಸರು. ವರ್ಕ್‌ಶಾಪಿನವರು ಇದನ್ನು ಗ್ಯಾಸ್ ಎನ್ನುತ್ತಾರೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಆರ್-134ಎ ಎಂಬ ಶೀತಕವು ಸಮುದ್ರ ಮಟ್ಟದ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಾರಿನೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಇದರ ಒತ್ತಡ ಸುಮಾರು 3 ವಾಯುಭಾರದಷ್ಟಿದ್ದರೆ ಇದು ಸುಮಾರು 0 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಕಾಯಿಲಿನ ಮೇಲೆ ಬೀಸುವ ಗಾಳಿಯಿಂದ ಶಾಖವನ್ನು ಹೀರುತ್ತದೆ. ಗಾಳಿಯಲ್ಲಿದ್ದ ತೇವವೂ ಕಾಯಿಲಿನ ಮೇಲೆ ಹನಿಗಟ್ಟಿ ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಆವಿಯನ್ನು ಎಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಎಳೆದುಕೊಂಡು 13 ವಾಯುಭಾರ ಅಥವಾ ಅದಕ್ಕೂ ಹೆಚ್ಚಿನ ಒತ್ತಡಕ್ಕೆ ಹಿಂಡುತ್ತದೆ. ಆ ಒತ್ತಡದಲ್ಲಿ ಅದರ ಕುದಿಯುವ ಬಿಂದು 50 ಡಿಗ್ರಿಗೆ ಏರಿರುವುದರಿಂದ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು 35 ಡಿಗ್ರಿಯ ಬಿಸಿಗಾಳಿಗೂ ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ಅಲ್ಲಿಂದ ತೇವವನ್ನು ಹೀರುವ ಡ್ರೈಯರ್ ದಾಟಿ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರಿದಾದ ಬಾಯಿಯಿಂದ ನುಸುಳಿ, ಒತ್ತಡ ಕಳೆದುಕೊಂಡು ಮತ್ತೆ ಕೂಲಿಂಗ್ ಕಾಯಿಲಿಗೆ ಬರುತ್ತದೆ.

1939ರ ಕೊನೆಯಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪೆನಿಯು ಇಂತಹ ಯಂತ್ರವನ್ನು ಮೊದಲ ಬಾರಿಗೆ ತನ್ನ ಕಾರುಗಳಲ್ಲಿ ಕೂಡಿಸಿ ಮಾರಿತು. ಅದು ಸಾಮಾನು ಇಡುವ ಡಿಕ್ಕಿಯ ಅರ್ಧವನ್ನೇ ನುಂಗುತ್ತಿತ್ತು. ಕಂಪ್ರೆಸರಿಗೆ ಕ್ಲಚ್ ಇಲ್ಲದಿದ್ದುದರಿಂದ, ತಂಪು ಬೇಡವಾದರೆ ಎಂಜಿನನ್ನು ನಿಲ್ಲಿಸಿ ಬೆಲ್ಟನ್ನೇ ಕಳಚಬೇಕಾಗಿತ್ತು! ಇಂದು ಒಂದು ಗುಂಡಿಯೊತ್ತಿದರೆ ಕ್ಲಚ್ ಹಿಡಿಯುತ್ತದೆ, ಬಿಡುತ್ತದೆ.

ಬಳಸದೆ ಕೆಡುವ ಯಂತ್ರ

ಯಂತ್ರವು ಸವೆದು ಕೆಡುತ್ತದೆಂದು ಸಾಮಾನ್ಯ ನಂಬಿಕೆ. ಆದರೆ ನಮ್ಮ ಮಲೆಯಲ್ಲಿ ಕಾರಿನ ಏ.ಸಿ.ಯು ಬಹುಮಟ್ಟಿಗೆ ಬಳಸದೆಯೇ ಕೆಡುತ್ತದೆ. ಕಂಪ್ರೆಸರಿನ ದಂಡವು ಹೊರಬರುವ ಕಡೆ ರಬ್ಬರಿನ ಸೀಲೊಂದಿದೆ. ಶೀತಕದ ಜೊತೆ ಸುತ್ತುವ ಎಣ್ಣೆಯೇ ಅದನ್ನು ನೆನೆಸಿಟ್ಟಿರುತ್ತದೆ. ತಿಂಗಳುಗಟ್ಟಲೆ ಏ.ಸಿ. ಹಾಕದಿದ್ದರೆ ಎಣ್ಣೆ ತಳಕ್ಕಿಳಿದು ಸೀಲು ಒಣಗುತ್ತದೆ. ಗ್ಯಾಸ್ ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಬೇಸಗೆಯಲ್ಲಿ ಬಯಲಿಗಿಳಿದಾಗ ಮಾತ್ರ ಗುಂಡಿಯೊತ್ತುವವರಿಗೆ ಆಗ ಬರೀ ಬಿಸಿಗಾಳಿ ಲಭಿಸುತ್ತದೆ. ಆದುದರಿಂದ ಎಂತಹ ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏ.ಸಿ.ಯನ್ನು ಓಡಿಸತಕ್ಕದ್ದು. ಬೆಚ್ಚಗೆ ಬೇಕಾದರೆ ಹೀಟರನ್ನೂ ಕೂಡಿಸಿ ಹಾಕಬಹುದು; ಗಾಜಿನ ಮಸುಕನ್ನು ಕಳೆಯಲು ಇದೇ ಸರಿಯಾದ ವಿಧಾನ. ಹಿಮ ಬೀಳುವಂತಹ ಮುಂಜಾವಿನಲ್ಲಿ ಕಂಪ್ರೆಸರ್ ತಾನಾಗಿಯೇ ತಡೆದುಕೊಳ್ಳಬಹುದು. ಅದು ದೋಷವಲ್ಲ, ಕಾಯಿಲು ಹೆಪ್ಪುಗಟ್ಟದಿರಲೆಂದು ಮಾಡಿದ ಏರ್ಪಾಡು.

ಸೋರಿಕೆಯನ್ನು ಕಂಡುಹಿಡಿಯದೆ ವರ್ಷವರ್ಷವೂ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಜೋಡಣೆಗಳ ಬಳಿ ಎಣ್ಣೆಯ ಜಿಡ್ಡು ಕಂಡರೆ ಅದು ಮೊದಲ ಸುಳಿವು. ಒಣ ನೈಟ್ರೋಜನನ್ನು ಒತ್ತಡದಲ್ಲಿ ತುಂಬಿಸಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆಗಳೇ ಜಾಗವನ್ನು ತೋರಿಸುತ್ತವೆ. ಈ ಕೆಲಸಕ್ಕೆ ಆಮ್ಲಜನಕವನ್ನು ಎಂದಿಗೂ ಬಳಸಕೂಡದು; ಎಣ್ಣೆಯೊಡನೆ ಸೇರಿ ಅದು ಸ್ಫೋಟಿಸುವ ಅಪಾಯವುಂಟು.

ಗ್ಯಾಸ್ ಬದಲಾದ ಕಾರಣ

ಮೊದಲಿನ ಕಾರುಗಳಲ್ಲಿ ಆರ್-12 ಎಂಬ ಗ್ಯಾಸನ್ನು ಬಳಸುತ್ತಿದ್ದರು. ಉರಿಯದು, ವಾಸನೆಯಿಲ್ಲ, ಬೆಲೆಯೂ ಅಗ್ಗ. ಆದರೆ ಇದರಲ್ಲಿರುವ ಕ್ಲೋರಿನ್ ಮೇಲಿನ ವಾಯುಮಂಡಲವನ್ನು ಸೇರಿ ಓಜೋನ್ ಪದರವನ್ನು ಸವೆಸಬಲ್ಲದೆಂದು 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕಟಿಕದ ಮೇಲೆ ಆ ಪದರವು ತೀರ ತೆಳುವಾಗಿರುವುದು ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಶಾಲೆಗಳಲ್ಲಿ ಓಜೋನ್ ದಿನವನ್ನು ಆಚರಿಸುವುದು ಅದೇ ದಿನ. ಭಾರತವು 1992ರಲ್ಲಿ ಈ ಒಪ್ಪಂದಕ್ಕೆ ಸೇರಿತು. 2008ರ ಆಗಸ್ಟ್ 1ರಿಂದ ಇಂತಹ ಗ್ಯಾಸುಗಳ ತಯಾರಿಕೆಯನ್ನು ನಿಲ್ಲಿಸಿತು. ಆ ಇಬ್ಬರು ವಿಜ್ಞಾನಿಗಳಿಗೆ ಪಾಲ್ ಕ್ರುಟ್ಜೆನ್ನರೊಡನೆ 1995ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಆರ್-12ರ ಸ್ಥಾನಕ್ಕೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಓಜೋನಿಗೆ ಹಾನಿಯಿಲ್ಲ. ಆದರೂ ಇದು ನಿರ್ದೋಷಿಯಲ್ಲ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡಬಲ್ಲದು. 2016ರ ಕಿಗಾಲಿ ತಿದ್ದುಪಡಿಯು ಇಂತಹವುಗಳನ್ನು ಕ್ರಮವಾಗಿ ಇಳಿಸಬೇಕೆಂದು ವಿಧಿಸಿತು. ಭಾರತವು ಅದನ್ನು 2021ರಲ್ಲಿ ಅಂಗೀಕರಿಸಿತು. ಆದುದರಿಂದ ಗ್ಯಾಸನ್ನು ಗಾಳಿಗೆ ಬಿಡದಿರುವುದು ಪ್ರತಿಯೊಬ್ಬ ಮೆಕ್ಯಾನಿಕನ ಧರ್ಮ. ಮಳೆಯ ಹದವನ್ನೇ ನಂಬಿ ಚಹಾ ಬೆಳೆಯುವ ನಮಗೆ ಹವೆಯ ಮಾತು ದೂರದ ಮಾತಲ್ಲ.

ಹಳೆಯದನ್ನು ಹೊಸದಕ್ಕೆ ಹೊಂದಿಸುವ ಕ್ರಮ

ಆರ್-12 ಇದ್ದ ಕಾರಿಗೆ ಆರ್-134ಎಯನ್ನು ಸುಮ್ಮನೆ ತುಂಬಿದರೆ ಕೆಲಸ ಕೆಡುತ್ತದೆ. ಇದಕ್ಕೊಂದು ಕ್ರಮವುಂಟು.

ಮೊದಲು, ಉಳಿದಿರುವ ಹಳೆಯ ಗ್ಯಾಸನ್ನು ಯಂತ್ರದ ಮೂಲಕ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಎರಡನೆಯದಾಗಿ, ಹಳೆಯ ಖನಿಜ ಎಣ್ಣೆಯನ್ನು ಬಸಿದು ತೆಗೆಯಬೇಕು. ಅದು ಹೊಸ ಗ್ಯಾಸಿನೊಡನೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಕಾಯಿಲಿನಲ್ಲಿಯೇ ತಂಗಿ, ಕಂಪ್ರೆಸರ್ ಎಣ್ಣೆಯಿಲ್ಲದೆ ಸುಟ್ಟುಹೋಗುತ್ತದೆ. ಅದರ ಬದಲು ಎಸ್ಟರ್ ಜಾತಿಯ ಎಣ್ಣೆಯನ್ನು ಹಾಕುವುದು ವಾಡಿಕೆ. ಮೂರನೆಯದಾಗಿ, ಡ್ರೈಯರನ್ನು ಬದಲಿಸಬೇಕು. ಅದರೊಳಗಿನ ಹಳೆಯ ಬಗೆಯ ಕಾಳುಗಳು ಹೊಸ ಗ್ಯಾಸಿಗೆ ಹೊಂದವು. ನಾಲ್ಕನೆಯದಾಗಿ, ಜೋಡಣೆಗಳ ರಬ್ಬರ್ ಬಳೆಗಳನ್ನೂ ಜೀರ್ಣವಾದ ಹೋಸುಗಳನ್ನೂ ತೆಗೆದು ಹೊಸ ಗ್ಯಾಸಿಗೆ ತಕ್ಕವನ್ನು ಹಾಕಬೇಕು. ಐದನೆಯದಾಗಿ, ಗ್ಯಾಸ್ ತುಂಬುವ ಬಾಯಿಗಳಿಗೆ ಹೊಸ ಅಳತೆಯ ಜೋಡಣೆ ಕೂಡಿಸಬೇಕು. ಎರಡು ಗ್ಯಾಸುಗಳ ಬಾಯಿಗಳು ಬೇರೆಬೇರೆಯಾಗಿರುವುದು ಅವು ತಪ್ಪಿಯೂ ಬೆರೆಯಬಾರದೆಂಬ ಉದ್ದೇಶದಿಂದಲೇ.

ಹೊಸ ಗ್ಯಾಸು ಬಿಸಿಲಿನಲ್ಲಿ ಹಳೆಯದಕ್ಕಿಂತ ಹೆಚ್ಚು ಒತ್ತಡ ಏರಿಸುವುದರಿಂದ ಕಂಡೆನ್ಸರ್ ಶಾಖವನ್ನು ಇನ್ನೂ ಚೆನ್ನಾಗಿ ಬಿಡಬೇಕು. ಹಳೆಯ ಕಂಡೆನ್ಸರಿನ ಬದಲು ಇಂದಿನ ತೆಳುಕೊಳವೆಯ ಅಲ್ಯೂಮಿನಿಯಂ ಕಂಡೆನ್ಸರನ್ನೂ, ಅದರ ಮುಂದೆ ವಿದ್ಯುತ್ ಫ್ಯಾನನ್ನೂ ಹಾಕಿದರೆ ಹಳೆಯ ಕಾರಿನಲ್ಲಿಯೂ ಒಳ್ಳೆಯ ತಂಪು ಲಭಿಸುತ್ತದೆ. ಸುಧಾರಣೆಯಲ್ಲಿ ಇದೇ ಹೆಚ್ಚು ಫಲ ಕೊಡುವ ಖರ್ಚು. ಒತ್ತಡ ಮಿತಿಮೀರಿದರೆ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ಚೂ ಇರತಕ್ಕದ್ದು.

ಬಳಿಕ ಪಂಪಿನಿಂದ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಒಳಗಿನ ಗಾಳಿಯನ್ನೆಲ್ಲ ತೆಗೆಯಬೇಕು. ಒತ್ತಡ ಇಳಿದಾಗ ಒಳಗಿನ ತೇವವು ಕುದಿದು ಹೊರಹೋಗುತ್ತದೆ. ತೇವ ಉಳಿದರೆ ವಾಲ್ವಿನ ಬಾಯಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ, ಲೋಹವನ್ನೂ ಕೊರೆಯುತ್ತದೆ. ಇಲ್ಲಿ ಮಲೆಯ ಮೆಕ್ಯಾನಿಕರು ತಿಳಿಯಬೇಕಾದ ವಿಷಯವೊಂದಿದೆ. ಸಮುದ್ರ ಮಟ್ಟದಲ್ಲಿ ಪೂರ್ಣ ನಿರ್ವಾತವಾದಾಗ ಮೀಟರು ಸುಮಾರು 30 ಅಂಗುಲವನ್ನು ತೋರಿಸುತ್ತದೆ. ಮಂಜೂರಿನಲ್ಲಿ ಗಾಳಿಯ ಒತ್ತಡವೇ ಕಡಮೆಯಾದುದರಿಂದ ಅದೇ ಮೀಟರು ಸುಮಾರು 24 ಅಂಗುಲದಲ್ಲಿಯೇ ನಿಲ್ಲುತ್ತದೆ. ಇದನ್ನು ತಿಳಿಯದವನು ಒಳ್ಳೆಯ ಪಂಪನ್ನು ಕೆಟ್ಟಿತೆಂದು ಬಿಸುಡಬಹುದು, ಇಲ್ಲದ ಸೋರಿಕೆಯನ್ನು ಹುಡುಕುತ್ತ ದಿನಗಳೆಯಬಹುದು. ಪಂಪನ್ನು ನಿಲ್ಲಿಸಿದ ಮೇಲೆ ಮುಳ್ಳು ಕದಲದೆ ನಿಂತಿದೆಯೇ ಎಂಬುದೇ ನಿಜವಾದ ಪರೀಕ್ಷೆ. ಕೊನೆಗೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಆರ್-12ಕ್ಕೆ ಹೇಳಿದ ತೂಕದಲ್ಲಿ ನೂರಕ್ಕೆ 80ರಿಂದ 90 ಪಾಲು ಸಾಕು. ಹೆಚ್ಚು ತುಂಬಿದರೆ ಹೆಚ್ಚು ತಂಪಾಗುವುದಿಲ್ಲ, ಒತ್ತಡ ಮಾತ್ರ ಏರುತ್ತದೆ. ಯಾವ ಗ್ಯಾಸು, ಯಾವ ಎಣ್ಣೆ, ಎಷ್ಟು ತೂಕ ಎಂದು ಬರೆದು ಬಾನೆಟ್ಟಿನ ಕೆಳಗೆ ಅಂಟಿಸುವುದು ಮುಂದಿನವರಿಗೆ ಉಪಕಾರ.

ತಂದೆತಾಯಂದಿರಿಗೆ ಕೆಲವು ಮಾತು

ಖರ್ಚು ಮಾಡುವ ಮುನ್ನ ಕಾರಿನ ಆಯುಸ್ಸನ್ನು ಎಣಿಸಿರಿ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸಬೇಕಾಗುವುದರಿಂದ, ಬ್ರೇಕು, ಟೈರು, ರೇಡಿಯೇಟರುಗಳನ್ನು ಮೊದಲು ಸರಿಪಡಿಸಿರಿ, ಏ.ಸಿ. ಆಮೇಲೆ. ಮಾರುತಿ 800ರ ಎಂಜಿನ್ 796 ಸಿ.ಸಿ.ಯದು ಮಾತ್ರ. ಎತ್ತರದ ತೆಳುಗಾಳಿಯಲ್ಲಿ ಅದರ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಕುಂದುತ್ತದೆ. ಕಂಪ್ರೆಸರು ಇನ್ನಷ್ಟನ್ನು ಕಸಿಯುತ್ತದೆ. ಆದುದರಿಂದ ಘಾಟಿ ಏರುವಾಗ ಗಾಜು ತಿಳಿಯಾಗಿದ್ದರೆ ಏ.ಸಿ.ಯನ್ನು ನಿಲ್ಲಿಸುವುದು ಒಳ್ಳೆಯದು.

ಗ್ಯಾಸಿನ ಬೆಲೆ ಉಳಿಸಲು ಅಡಿಗೆ ಅನಿಲವನ್ನೋ ಅದರ ಬೆರಕೆಯನ್ನೋ ತುಂಬುವೆನೆನ್ನುವವರನ್ನು ದೂರವಿಡಿರಿ. ಕೂಲಿಂಗ್ ಕಾಯಿಲು ಇರುವುದು ಕಾರಿನೊಳಗೆ. ಅಲ್ಲಿ ಸೋರಿದ ಉರಿಯುವ ಅನಿಲಕ್ಕೆ ಒಂದು ಕಿಡಿ ಸಾಕು. ಏ.ಸಿ. ಹಾಕಿದ ಕಾರಿನಲ್ಲಿ ಎಂಜಿನ್ ಓಡುತ್ತಿರಲು ನಿದ್ರಿಸಬೇಡಿರಿ, ಮಕ್ಕಳನ್ನು ಒಳಗೆ ಬಿಟ್ಟು ಹೋಗಬೇಡಿರಿ. ಹಳೆಯ ಕಾರಿನ ಹೊಗೆಕೊಳವೆ ಸೋರುತ್ತಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಸೇರಿ ಪ್ರಾಣಕ್ಕೆ ಸಂಚಕಾರ ತರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ಮುಂದೆ ಐ.ಟಿ.ಐ. ಸೇರಿ ಈ ಕಸುಬನ್ನೇ ಕೈಗೊಳ್ಳಬಹುದು. ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕವನ್ನೂ ಕೈಗೆ ಗವಸನ್ನೂ ಧರಿಸಿರಿ. ಚಿಮ್ಮಿದ ಶೀತಕವು ಕ್ಷಣಮಾತ್ರದಲ್ಲಿ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಪಾಠದ ಪುಸ್ತಕದಲ್ಲಿ ಓದುವ ಒತ್ತಡ, ಕುದಿಯುವ ಬಿಂದು, ಸುಪ್ತೋಷ್ಣ ಎಂಬ ಮಾತುಗಳು ಪರೀಕ್ಷೆಗಾಗಿ ಮಾತ್ರ ಹುಟ್ಟಿದವಲ್ಲ. ಅವನ್ನು ಅರಿತವನು ಮೀಟರಿನ ಮುಳ್ಳು ಏಕೆ 24ರಲ್ಲಿ ನಿಂತಿತೆಂದು ಹೇಳಬಲ್ಲನು. ಅರಿಯದವನು ಗಿರಾಕಿಯ ಹಣವನ್ನೂ ತನ್ನ ಹೆಸರನ್ನೂ ಕಳೆಯುತ್ತಾನೆ. ಮಂಜು ಕವಿದ ಘಾಟಿಯಲ್ಲಿ ಒಂದು ಕುಟುಂಬವು ತಿಳಿಯಾದ ಗಾಜಿನ ಮೂಲಕ ದಾರಿಯನ್ನು ಕಂಡು ಕ್ಷೇಮವಾಗಿ ಮನೆ ಸೇರುವುದು ಅಂತಹ ಬಲ್ಲವನ ಕೈಕೆಲಸದಿಂದಲೇ.