ಅಂಗೈ ಮೇಲೆ ಬರೆದುಕೊಂಡ ಇಂಗ್ಲಿಷ್

‘ಸರ್, ಒನ್ ಮೋರ್ ಟೈಮ್ ಪ್ಲೀಸ್’ ಎಂದಳು ಏಳನೇ ತರಗತಿಯ ಆ ಹುಡುಗಿ.

ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ನಡೆಯುತ್ತಿತ್ತು. ಹೊರಗೆ ಶಾಮಿಯಾನದಡಿ ಛದ್ಮವೇಷದ ಗದ್ದಲ. ಇಂಗ್ಲಿಷ್ ಕಂಠಪಾಠಕ್ಕೆ ಸಿಕ್ಕಿದ್ದು ಮೂಲೆಯ ನಲಿ-ಕಲಿ ಕೋಣೆ. ಮಕ್ಕಳು ಒಬ್ಬೊಬ್ಬರಾಗಿ ಬಂದು, ಕೈಕಟ್ಟಿ ನಿಂತು, ಉಸಿರು ಬಿಡದೆ ಪದ್ಯ ಒಪ್ಪಿಸಿ ಹೋದರು. ಅಂಕ ಕೂಡಿಸುವುದು ತಡವಾಯಿತು. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಮಕ್ಕಳನ್ನು ಸುಮ್ಮನೆ ಕೂರಿಸಲು ಮನಸ್ಸಾಗಲಿಲ್ಲ. ‘ಬನ್ನಿ, ಸ್ಪೆಲಿಂಗ್ ಆಡೋಣ’ ಎಂದರು.

ಆ ಹುಡುಗಿಗೆ ಬಂದ ಪದ ‘ಐಲ್ಯಾಂಡ್’. ಹಿಂದಿನಿಂದ ಯಾರೋ ‘ಐ, ಎಲ್’ ಎಂದು ಪಿಸುಗುಟ್ಟಿದರು. ಅವಳು ಅತ್ತ ತಿರುಗಲಿಲ್ಲ. ಎಡಗೈ ಚಾಚಿ, ಬಲಗೈಯ ತೋರುಬೆರಳಿನಿಂದ ಅಂಗೈ ಮೇಲೆ ಬರೆದುಕೊಂಡಳು. ನೋಡಿದಳು. ಸರಿಯೆನಿಸಲಿಲ್ಲವೇನೋ, ಅಂಗೈ ಉಜ್ಜಿ ಆ ಕಾಣದ ಅಕ್ಷರಗಳನ್ನೆಲ್ಲ ಅಳಿಸಿದಳು! ಪದವನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, ‘ಸೆಂಟೆನ್ಸ್, ಸರ್?’ ಎಂದಳು. ಮೇಷ್ಟ್ರು ‘ಶ್ರೀಲಂಕಾ ಈಸ್ ಆನ್ ಐಲ್ಯಾಂಡ್’ ಎಂದ ಕೂಡಲೇ ಮುಖ ಅರಳಿತು. ಸಮಾಜ ವಿಜ್ಞಾನದ ನಕಾಶೆಯಲ್ಲಿ ಆ ಹೆಸರಿನ ಪಕ್ಕದಲ್ಲೆಲ್ಲೋ ಪದವನ್ನು ಕಂಡಿದ್ದಳಂತೆ. ಮತ್ತೆ ಬೆರಳು ಓಡಿತು. ಐ, ಎಸ್, ಎಲ್, ಎ, ಎನ್, ಡಿ.

ಅವಳ ಬೆರಳನ್ನು ನೋಡುತ್ತಿದ್ದಂತೆ ನನಗೆ ಕಾವ್ಯಾ ಶಿವಶಂಕರ್ ನೆನಪಾದಳು. ಅಮೆರಿಕದ ಶಾಲಾಮಕ್ಕಳ ಸ್ಪೆಲಿಂಗ್ ಸ್ಪರ್ಧೆಯಾದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲಿಂಗ್ ಬೀಯನ್ನು 2009ರಲ್ಲಿ ಗೆದ್ದ, ಕಾನ್ಸಸ್ ರಾಜ್ಯದ ಹದಿಮೂರರ ಹುಡುಗಿ. ತಂದೆಯ ಹೆಸರು ಮಿರ್ಲೆ ಶಿವಶಂಕರ್. ಮಿರ್ಲೆ ಎಂದರೆ ನಮ್ಮ ಮೈಸೂರು ಸೀಮೆಯದೇ ಒಂದು ಊರು. ಕಾವ್ಯಾ ಪ್ರತಿ ಪದವನ್ನೂ ಹೀಗೇ ಅಂಗೈ ಮೇಲೆ ಬರೆದುಕೊಂಡು ಹೇಳುತ್ತಿದ್ದಳು. ಆರು ವರ್ಷದ ಬಳಿಕ, 2015ರಲ್ಲಿ, ತಂಗಿ ವನ್ಯಾ ಜಂಟಿ ಚಾಂಪಿಯನ್ ಆದಳು. ಆ ಸ್ಪರ್ಧೆಯಲ್ಲಿ ಒಂದೇ ಮನೆಯ ಇಬ್ಬರು ಗೆದ್ದದ್ದು ಅದೇ ಮೊದಲು. ಮರುವರ್ಷವೇ ಇನ್ನೊಂದು ಜೋಡಿ: ಶ್ರೀರಾಮ್ ಹತ್ವಾರ್ 2014ರಲ್ಲಿ, ತಮ್ಮ ಜಯರಾಮ್ 2016ರಲ್ಲಿ. ಹತ್ವಾರ್ ಎಂಬ ಹೆಸರು ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು.

ಆ ಸ್ಪರ್ಧೆಯ ಚರಿತ್ರೆ ಹಳೆಯದು. 1925ರಲ್ಲಿ ಲೂಯಿವಿಲ್‌ನ ಕುರಿಯರ್-ಜರ್ನಲ್ ಪತ್ರಿಕೆ ಶುರು ಮಾಡಿತು; ಮೊದಲ ಫೈನಲ್‌ನಲ್ಲಿದ್ದದ್ದು ಒಂಬತ್ತೇ ಮಕ್ಕಳು. 1985ರಲ್ಲಿ ಬಾಲು ನಟರಾಜನ್ ಗೆದ್ದ ಭಾರತ ಮೂಲದ ಮೊದಲಿಗ. 2019ರಲ್ಲಿ ಎಂಟು ಜನ ಒಟ್ಟಿಗೆ ಗೆದ್ದಾಗ ಅವರಲ್ಲಿ ಏಳು ಮಂದಿ ಭಾರತ ಮೂಲದವರು. ಈ ಗೆಲುವುಗಳ ಹಿಂದೆ ರತ್ನಂ ಚಿಟ್ಟೂರಿ 1989ರಲ್ಲಿ ಕಟ್ಟಿದ ನಾರ್ತ್ ಸೌತ್ ಫೌಂಡೇಷನ್ನಿನ ಪಾಲು ದೊಡ್ಡದು. ಅದು ಅಲ್ಲಿನ ಭಾರತೀಯ ಮಕ್ಕಳಿಗೆ ಊರೂರಲ್ಲಿ ಸ್ಪರ್ಧೆ ನಡೆಸುತ್ತದೆ, ಇಲ್ಲಿನ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ.

ಮತ್ತೆ ಅಂಗೈಗೆ ಬರುತ್ತೇನೆ. ಅದು ನನ್ನನ್ನು ಬಿಡುತ್ತಿಲ್ಲ. ಜಪಾನಿನಲ್ಲಿ ಕಾಂಜಿ ಅಕ್ಷರ ನೆನಪಿಸಿಕೊಳ್ಳುವಾಗ ದೊಡ್ಡವರೂ ಗಾಳಿಯಲ್ಲೋ ಅಂಗೈಯಲ್ಲೋ ಬೆರಳಾಡಿಸುತ್ತಾರೆ. ಅದಕ್ಕೆ ಕೂಶೊ ಎಂಬ ಹೆಸರೇ ಇದೆ. ಬೆರಳಾಡಿಸಲು ಬಿಟ್ಟರೆ ಅಕ್ಷರದ ತುಂಡುಗಳನ್ನು ಮನಸ್ಸಿನಲ್ಲಿ ಜೋಡಿಸುವುದು ಸುಲಭವಾಗುತ್ತದೆಂದು ಅಲ್ಲಿನ ಸಂಶೋಧಕರು 1980ರ ದಶಕದಲ್ಲೇ ತೋರಿಸಿದ್ದರು. ನಮ್ಮ ಹಿರಿಯರು ಕೂಲಿಮಠದಲ್ಲಿ ಮರಳಿನ ಮೇಲೆ ತಿದ್ದಿದ್ದು, ಇಂದಿಗೂ ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವುದು, ಎಲ್ಲದರಲ್ಲೂ ಅಕ್ಷರ ಮೊದಲು ಬೆರಳಿಗೇ ಇಳಿಯುತ್ತದೆ. ಕನ್ನಡದಲ್ಲಿ ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಕಲಿತ ಮಗು ಕೇಳಿದ್ದನ್ನು ಬಹುಪಾಲು ಹಾಗೇ ಬರೆಯಬಲ್ಲದು. ಇಂಗ್ಲಿಷಿನಲ್ಲಿ ಕಿವಿಯೊಂದನ್ನೇ ನಂಬುವಂತಿಲ್ಲ. ಬಾಯಿಗೆ ಬಾರದ ‘ಎಸ್’ ಅನ್ನು ಆ ಹುಡುಗಿಗೆ ಕೊಟ್ಟದ್ದು ಬೆರಳೇ. ಕೈ ಆಡಿಸಬೇಡ, ನೆಟ್ಟಗೆ ನಿಲ್ಲು ಎಂದು ಗದರುವವರು ಇದನ್ನು ಗಮನಿಸಬೇಕು.

ಹಾಗೆಂದು ಎಲ್ಲ ಇಂಗ್ಲಿಷ್ ಸ್ಪರ್ಧೆಗಳನ್ನೂ ನಾನು ಹೊಗಳಲಾರೆ. ಹಣ ಕಟ್ಟಿಸಿಕೊಂಡು, ಬಂದವರಿಗೆಲ್ಲ ಪದಕ ಹಂಚುವ ಖಾಸಗಿ ‘ಒಲಿಂಪಿಯಾಡ್’ಗಳಿಂದ ಮಕ್ಕಳಿಗೆ ಏನು ಸಿಕ್ಕಿತೋ ನನಗೆ ಕಂಡಿಲ್ಲ. ಒತ್ತಡವೂ ಸುಳ್ಳಲ್ಲ. 2004ರ ಸ್ಕ್ರಿಪ್ಸ್ ವೇದಿಕೆಯ ಮೇಲೆ ಅಕ್ಷಯ್ ಬುದ್ದಿಗ ಎಂಬ ಹುಡುಗ ಕುಸಿದು ಬಿದ್ದ, ಎದ್ದು ನಿಂತ, ಕೊಟ್ಟ ಪದದ ಸ್ಪೆಲಿಂಗನ್ನು ಸರಿಯಾಗಿ ಹೇಳಿದ. ಸಭೆಯೇನೋ ಚಪ್ಪಾಳೆ ತಟ್ಟಿತು, ಆದರೆ ಹೆತ್ತವರ ಎದೆ ಹೇಗಾಗಿರಬೇಡ! ಬರೀ ಉರು ಹೊಡೆಯುವುದರ ಮಿತಿ ಆ ಸ್ಪರ್ಧೆಗೂ ಅರಿವಾಯಿತು. 2013ರಿಂದ ಪದದ ಅರ್ಥವನ್ನೂ ಪರೀಕ್ಷಿಸತೊಡಗಿದರು.

ನಮ್ಮ ಇಂಗ್ಲಿಷ್ ಕಂಠಪಾಠ ಇನ್ನೂ ಆ ಹೆಜ್ಜೆ ಇಟ್ಟಿಲ್ಲ. ಅಂದು ಪದ್ಯ ಒಪ್ಪಿಸಿದವರಲ್ಲಿ ಎಷ್ಟು ಮಕ್ಕಳಿಗೆ ಅದರ ಅರ್ಥ ಗೊತ್ತಿತ್ತೆಂದು ಯಾರೂ ಕೇಳಲಿಲ್ಲ, ಕೇಳುವ ಪರಿಪಾಠವೂ ಇಲ್ಲ. ಸ್ಪೆಲಿಂಗ್ ಬೀ ನನಗೆ ಹಿಡಿಸುವುದು ಇದೇ ಕಾರಣಕ್ಕೆ: ಅಲ್ಲಿ ಪ್ರಶ್ನೆ ಕೇಳುವ ಹಕ್ಕು ಮಗುವಿಗಿದೆ. ಇನ್ನೊಮ್ಮೆ ಹೇಳಿ, ಅರ್ಥ ಹೇಳಿ, ವಾಕ್ಯದಲ್ಲಿ ಬಳಸಿ, ಯಾವ ಭಾಷೆಯಿಂದ ಬಂದದ್ದು ಹೇಳಿ. ಕನ್ನಡ ಮಾಧ್ಯಮದ ತರಗತಿಯಲ್ಲಿ ಇಂಗ್ಲಿಷ್ ಒಂದು ಪೀರಿಯಡ್ಡಿನ ವಿಷಯ. ಪ್ರಶ್ನೆ ಮೇಷ್ಟ್ರದು, ಉತ್ತರ ಗೈಡಿನದು. ಮಗು ತನ್ನ ಅಗತ್ಯಕ್ಕಾಗಿ ಆ ಭಾಷೆಯಲ್ಲಿ ಬಾಯಿ ತೆರೆಯುವ ಸಂದರ್ಭವೇ ಬರುವುದಿಲ್ಲ. ಆ ನಲಿ-ಕಲಿ ಕೋಣೆಯಲ್ಲಿ ಬಂತು. ಗುರುತಿಲ್ಲದ ಹಿರಿಯರೊಬ್ಬರನ್ನು ಹಳ್ಳಿಯ ಹುಡುಗಿ ಇಂಗ್ಲಿಷಿನಲ್ಲೇ ತಡೆದು ನಿಲ್ಲಿಸಿ, ತನಗೆ ಬೇಕಾದ್ದನ್ನು ಕೇಳಿ ಪಡೆದಳು. ಇಂಥ ಸ್ಪರ್ಧೆಗಳ ನಿಜವಾದ ಲಾಭ ಇದು. ಟ್ರೋಫಿ ಆಮೇಲಿನ ಮಾತು. ಕಂಠಪಾಠದಲ್ಲಿ ಅವಳಿಗೆ ಸ್ಥಾನ ಸಿಗಲಿಲ್ಲ.

ಇಂಗ್ಲಿಷ್ ಸ್ಪರ್ಧೆಗೆ ಒತ್ತು ಕೊಟ್ಟರೆ ಕನ್ನಡ ಸೊರಗುತ್ತದೆ ಎಂಬ ಆತಂಕ ನನಗಿಲ್ಲ. ಅದೇ ಹುಡುಗಿ ಮಧ್ಯಾಹ್ನದ ಊಟ ಮುಗಿಸಿ ಕಥೆ ಹೇಳುವ ಸ್ಪರ್ಧೆಗೆ ನಿಂತಳು, ಇಡೀ ಕೋಣೆಯನ್ನು ನಗಿಸಿದಳು. ಒಂದು ಭಾಷೆಯಲ್ಲಿ ನಾಲ್ಕು ಜನರೆದುರು ನಿಂತು ಅಭ್ಯಾಸವಾದವರಿಗೆ ಇನ್ನೊಂದರಲ್ಲಿ ನಿಲ್ಲಲು ಧೈರ್ಯ ಬರುತ್ತದೆ.

ಇದಕ್ಕೆ ಅನುದಾನ ಬೇಕಿಲ್ಲ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟಿರುವ ನಿಘಂಟು ಹೊರಗೆ ಬಂದರೆ ಸಾಕು, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಸ್ಪೆಲಿಂಗ್ ಆಟ ಆಡಿಸಬಹುದು. ಈ ವರ್ಷ ಪ್ರತಿಭಾ ಕಾರಂಜಿಗೆ ತೀರ್ಪುಗಾರರಾಗಿ ಹೋಗುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಇಂಗ್ಲಿಷ್ ಕಂಠಪಾಠ ಮುಗಿಸಿದ ಪ್ರತಿ ಮಗುವಿಗೂ ಆ ಪದ್ಯದ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳಿ, ವ್ಯಾಕರಣ ತಪ್ಪಿದರೂ ನಡುವೆ ತಿದ್ದದೆ ಪೂರ್ತಿ ಉತ್ತರ ಕೇಳಿಸಿಕೊಳ್ಳಿ. ಅಂಕ ಕೊಡುವಾಗ ಆ ಉತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.